ಕ್ರಿಸ್‌ಮಸ್‌ಗೆ ಎಂಟು ದಿನದ ರೇಡಿಯೋ

ಪ್ರಶ್ನೆ: ಸರ್, ನಮ್ಮ ಚರ್ಚಿನ ಯುವಕರು ಡಿಸೆಂಬರ್ 18ರಿಂದ 25ರವರೆಗೆ ಎಫ್‌ಎಂ ರೇಡಿಯೋ ನಡೆಸಬೇಕೆಂದಿದ್ದೇವೆ. ಬ್ರಿಟನ್ನಿನಲ್ಲಿ ಹೀಗೆ ಮಾಡುತ್ತಾರಂತೆ. ಚಿಕ್ಕ ಟ್ರಾನ್ಸ್‌ಮಿಟರ್ ತರಿಸಬಹುದಾ?
– ಓದುಗರೊಬ್ಬರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ತರಿಸಬೇಡಿ ತಮ್ಮಾ. ಬ್ರಿಟನ್ನಿನಲ್ಲಿ ಪ್ರಸಾರ ನಿಯಂತ್ರಿಸುವ ಸಂಸ್ಥೆ ಆಫ್‌ಕಾಮ್ ಇಂಥ ಹಬ್ಬಗಳಿಗೆ 28 ದಿನದವರೆಗೆ ಕಿರು ಪರವಾನಗಿ ಕೊಡುತ್ತದೆ, ನಿಜ. ನಮ್ಮಲ್ಲಿ ಸಮುದಾಯ ರೇಡಿಯೋ ಅಂದರೆ ಊರಿನ ಜನರಿಗಾಗಿ ಸಂಸ್ಥೆಯೊಂದು ವರ್ಷಗಟ್ಟಲೆ ನಡೆಸುವ ಸಣ್ಣ ಎಫ್‌ಎಂ ಕೇಂದ್ರ. 2006ರಿಂದ ಲಾಭಕ್ಕಲ್ಲದ ಸಂಸ್ಥೆಗಳೂ ಅರ್ಜಿ ಹಾಕಬಹುದು, ಆದರೆ ಕನಿಷ್ಠ 3 ವರ್ಷ ಊರಿನ ಸೇವೆ ಮಾಡಿರಬೇಕು. ಪರವಾನಗಿ ಇಲ್ಲದೆ ಗಾಳಿಗೆ ಬಿಟ್ಟರೆ ಅಪರಾಧ.

ಇಂಟರ್ನೆಟ್‌ನಲ್ಲಿ ನೇರ ಧ್ವನಿ ಪ್ರಸಾರ ಮಾಡಿ. ಲಿಂಕನ್ನು ವಾಟ್ಸ್ಯಾಪಿಗೆ ಹಾಕಿದರೆ ಸಾಕು, ಮೊಬೈಲಿನಲ್ಲೇ ಕೇಳ್ತಾರೆ. ದಿನಕ್ಕೆ ಎರಡೇ ಗಂಟೆ ಇಡಿ. ಇಡೀ ದಿನ ತುಂಬಿಸೋಕೆ ಹೋದರೆ ಮೂರನೇ ದಿನಕ್ಕೆ ಗಂಟಲು, ಹುಮ್ಮಸ್ಸು ಎರಡೂ ಒಣಗುತ್ತವೆ. ಅರ್ಧ ಭಾಗ ನವೆಂಬರಿನಲ್ಲೇ ರೆಕಾರ್ಡ್ ಮಾಡಿಡಿ. ಸಿನಿಮಾ ಹಾಡು, ಕ್ಯಾಸೆಟ್ ಹಾಡು ಬೇಡ, ಹಕ್ಕಿನ ತಕರಾರು ಬರುತ್ತದೆ. ನಿಮ್ಮ ಗಾಯಕರೇ ಹಾಡಲಿ. ಅಜ್ಜಿಯರು ಹಳೇ ಕ್ರಿಸ್‌ಮಸ್ ನೆನೆದು ಮಾತಾಡಲಿ, ಕನ್ನಡ ತೆಲುಗು ಬೆರೆತರೂ ಪರವಾಗಿಲ್ಲ. ಬಳ್ಳಾರಿ ಬಾಯಿ ಇರೋದೇ ಹಾಗೆ ಅಲ್ವಾ? ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳಿಗೆ ಬಿಡುವು ಯಾವಾಗ ಅಂತ ಕೇಳಿ, ಅದೇ ನಿಮ್ಮ ಪ್ರಸಾರದ ಹೊತ್ತು. ಉಪದೇಶ ಹತ್ತು ನಿಮಿಷ ಮೀರದಿರಲಿ.

ಯುಪಿಎಸ್ ಮರೆಯಬೇಡಿ. ನಾನೊಮ್ಮೆ ಮರೆತು, ಕರೆಂಟ್ ಹೋಗಿ, ಪಾದ್ರಿಗಳ ಪ್ರಾರ್ಥನೆಯ ಬದಲು ಜನರೇಟರ್ ಸದ್ದನ್ನೇ ಪ್ರಸಾರ ಮಾಡಿದ್ದೆ.