ಒಂದು ಮಲಗಿದರೆ ಇನ್ನೊಂದು ಏಳುತ್ತೆ, ನಾನು ಯಾವಾಗ ಮಲಗಲಿ?

ಪ್ರಶ್ನೆ: ನನಗೆ ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು. ಈಗ ಏಳು ವಾರ. ಬಾಣಂತನಕ್ಕೆ ಸಾಗರದ ಹತ್ತಿರದ ತವರಿಗೆ ಬಂದಿದ್ದೇನೆ, ಗಂಡ ಬೆಂಗಳೂರಿನಲ್ಲಿ. ರಾತ್ರಿ ಮಗನಿಗೆ ಹಾಲು ಕುಡಿಸಿ, ತೇಗಿಸಿ, ಮಲಗಿಸಿ ಇನ್ನೇನು ತಲೆ ಇಡಬೇಕು, ಮಗಳು ಏಳುತ್ತಾಳೆ. ಅವಳು ಮಲಗುವಷ್ಟರಲ್ಲಿ ಮತ್ತೆ ಇವನು. ಇಬ್ಬರನ್ನೂ ಒಟ್ಟಿಗೆ ಎಬ್ಬಿಸಿ ಕುಡಿಸೋಣ ಅಂದರೆ ಅಮ್ಮ 'ಮಲಗಿದ ಕೂಸನ್ನು ಎಬ್ಬಿಸಬಾರದು' ಅಂತ ಬೈಯುತ್ತಾರೆ. ಬಜೆ, ಜಾಯಿಕಾಯಿ ತೇದು ನೆಕ್ಕಿಸು ಅನ್ನುತ್ತಾರೆ. ಮೊನ್ನೆ ರಾತ್ರಿ ಮೂರಕ್ಕೆ ಮಗಳ ಮೇಲೆ ಜೋರಾಗಿ ಕೂಗಿಬಿಟ್ಟೆ, ಆಮೇಲೆ ನಾನೂ ಅತ್ತುಬಿಟ್ಟೆ. ನಾನು ಒಳ್ಳೆಯ ತಾಯಿ ಅಲ್ಲವಾ?

ಉತ್ತರ: ತಂಗಿ, ನಿಮ್ಮ ಕೊನೆಯ ಮಾತಿಗೇ ಮೊದಲು ಬರುತ್ತೇನೆ. ಏಳು ವಾರದಿಂದ ಎರಡು ಗಂಟೆ ಒಟ್ಟಿಗೆ ಮಲಗದ ಯಾರಾದರೂ ರಾತ್ರಿ ಮೂರಕ್ಕೆ ಕೂಗುತ್ತಾರೆ. ನಾನೂ ಕೂಗಿದ್ದೇನೆ. ನನ್ನ ಅವಳಿಗಳು ಈಗ ಏಳನೇ ಕ್ಲಾಸು, ಇಬ್ಬರೂ ನನ್ನ ಪಕ್ಕದಲ್ಲೇ ಮಲಗಬೇಕು ಅಂತ ಜಗಳ ಆಡುತ್ತಾರೆ. ಇನ್ನೊಮ್ಮೆ ಹಾಗೆ ಸಿಟ್ಟು ಬಂದರೆ ಮಗುವನ್ನು ಅಂಗಾತ ಮಲಗಿಸಿ, ಜಗುಲಿಗೆ ಹೋಗಿ ಐದು ನಿಮಿಷ ಕೂತು ಬನ್ನಿ. ಅಷ್ಟು ಹೊತ್ತು ಅತ್ತರೆ ಏನೂ ಆಗುವುದಿಲ್ಲ. ಎತ್ತಿ ಕುಲುಕುವುದು ಮಾತ್ರ ಯಾವತ್ತೂ ಬೇಡ, ಆ ವಯಸ್ಸಿನ ಮಿದುಳು ಅದನ್ನು ತಡೆಯುವುದಿಲ್ಲ.

ಈಗ ಮುಖ್ಯ ವಿಷಯ. ಎಬ್ಬಿಸಿ. ನಿಮ್ಮಮ್ಮನ ಮಾತು ಒಂದು ಮಗು ಇರುವ ಮನೆಗೆ ಸರಿ. ಎರಡಿದ್ದಾಗ ಮಲಗಿದ ಕೂಸನ್ನು ಮುಟ್ಟದೆ ಬಿಟ್ಟರೆ ಬಾಣಂತಿಗೆ ಬೆಳಗಿನವರೆಗೂ ಜಾಗರಣೆ. ಮಗ ಹಸಿದು ಎದ್ದನಾ, ಹತ್ತು ನಿಮಿಷದೊಳಗೆ ಮಗಳನ್ನೂ ಎಬ್ಬಿಸಿ. ಸುತ್ತಿದ ಬಟ್ಟೆ ಬಿಚ್ಚಿ, ಡೈಪರ್ ಬದಲಿಸಿ, ಅಂಗಾಲು ಮೆಲ್ಲಗೆ ಉಜ್ಜಿದರೆ ಏಳುತ್ತಾಳೆ. ಪೂರ್ತಿ ಕಣ್ಣು ಬಿಡಬೇಕಾಗಿಲ್ಲ, ಬಾಯಿ ತೆರೆದರೆ ಸಾಕು.

ಎರಡನ್ನೂ ಒಟ್ಟಿಗೆ ಕುಡಿಸುವುದು ಕಲಿಯಿರಿ. ಗೋಡೆಗೆ ಒರಗಿ ಕೂತು, ಎರಡೂ ಪಕ್ಕಕ್ಕೆ ಗಟ್ಟಿ ದಿಂಬು ಇಟ್ಟುಕೊಳ್ಳಿ. ಸೊಂಟದಲ್ಲಿ ಕೊಡ ಇಟ್ಟುಕೊಂಡ ಹಾಗೆ ಒಂದೊಂದು ಕಂಕುಳಿಗೆ ಒಂದೊಂದು ಮಗು, ಕಾಲು ನಿಮ್ಮ ಬೆನ್ನಿನ ಕಡೆ, ತಲೆ ನಿಮ್ಮ ಅಂಗೈ ಮೇಲೆ. ಮೊದಮೊದಲು ಎರಡನೆಯದನ್ನು ಕೈಗೆ ಕೊಡಲು ಒಬ್ಬರು ಬೇಕೇ ಬೇಕು, ಅದು ನಿಮ್ಮಮ್ಮ ಆಗಲಿ. ತೇಗಿಸುವುದರಲ್ಲಿ ಅಜ್ಜಿಯಂದಿರ ಕೈ ನಮಗಿಂತ ಪಳಗಿರುತ್ತೆ ಅಲ್ವಾ? ಹಗಲಲ್ಲೇ ಎರಡು ದಿನ ಅಭ್ಯಾಸ ಮಾಡಿ, ನಡುರಾತ್ರಿ ಮೊದಲ ಸಲ ಪ್ರಯತ್ನಿಸಬೇಡಿ.

ಕುಡಿಸಿದ ಮೇಲೆ ಕೆಳಗೆ ಇಟ್ಟ ತಕ್ಷಣ ಏಳುತ್ತವಲ್ಲ, ಅದಕ್ಕೆ ಕಾರಣ ಇದೆ. ಈ ವಯಸ್ಸಿನಲ್ಲಿ ಮಕ್ಕಳ ನಿದ್ದೆ ತೆಳುವಾಗಿ ಶುರುವಾಗುತ್ತೆ. ಹತ್ತು ಹದಿನೈದು ನಿಮಿಷ ನೆಟ್ಟಗೆ ಎತ್ತಿಕೊಂಡಿದ್ದು, ಮುಷ್ಟಿ ಸಡಿಲವಾಗಿ ಕೈ ಜೋತು ಬಿದ್ದಾಗ ಮಲಗಿಸಿ. ಮೊದಲು ಕುಂಡೆ, ಆಮೇಲೆ ತಲೆ, ಎದೆ ಮೇಲೆ ಒಂದು ನಿಮಿಷ ಕೈ. ಇನ್ನೊಂದು ವಿಷಯ, ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು: ಎಳೆ ಮಕ್ಕಳ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಮುಲುಗುವುದು, ಮುಖ ಕಿವಿಚುವುದು, ಕೈಕಾಲು ಒದರುವುದರಲ್ಲೇ ಹೋಗುತ್ತೆ. ಅದು ನಿದ್ದೆಯೇ. ನಾನು ಪ್ರತಿ ಮುಲುಕಿಗೂ ಎತ್ತಿಕೊಂಡು, ಮಲಗಿದ್ದ ಮಗುವನ್ನು ನಾನೇ ಎಬ್ಬಿಸುತ್ತಿದ್ದೆ. ಒಂದು ನಿಮಿಷ ಕಾಯಿರಿ. ನಿಜವಾಗಿ ಹಸಿದಿದ್ದರೆ ಬಿಡುವುದಿಲ್ಲ, ಕರೆಯುತ್ತವೆ.

ರಾತ್ರಿ ಝೀರೋ ಬಲ್ಬ್ ಸಾಕು. ಮಾತು ಬೇಡ, ಮುದ್ದು ಬೇಡ, ಡೈಪರ್ ಕೆಲಸ ಕುಡಿಸುವ ಮುಂಚೆಯೇ ಮುಗಿಯಲಿ. ಹಗಲಲ್ಲಿ ಕಿಟಕಿ ತೆರೆದಿರಲಿ, ಮಿಕ್ಸಿ ಸದ್ದಾಗಲಿ, ಜನ ಮಾತಾಡಲಿ. ಬಾಣಂತಿ ಮನೆಯಲ್ಲಿ ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಮಕ್ಕಳು ನಾಲ್ಕೈದು ಗಂಟೆ ಗಡದ್ದಾಗಿ ಮಲಗುತ್ತವೆ, ಎಲ್ಲರಿಗೂ ಖುಷಿ, ಆದರೆ ಆ ಉದ್ದದ ನಿದ್ದೆ ಹಗಲಿಗೇ ಖರ್ಚಾಗಿ ಹೋಯಿತು. ಹಗಲಲ್ಲಿ ಮಲಗಿ ಮೂರು ಗಂಟೆಯಾದರೆ ಎಬ್ಬಿಸಿ ಕುಡಿಸಿ. ಹಗಲು ರಾತ್ರಿಯ ಲೆಕ್ಕ ಮಕ್ಕಳ ಮೈಗೆ ಬರುವುದೇ ಎರಡು ಮೂರು ತಿಂಗಳ ಹೊತ್ತಿಗೆ, ಅಳು ತುಂಬಾ ಜಾಸ್ತಿ ಇರುವುದು ಆರನೇ ವಾರದ ಆಸುಪಾಸು. ನೀವೀಗ ಸರಿಯಾಗಿ ಅಲ್ಲೇ ಇದ್ದೀರಿ. ಅವಳಿಗಳು ದಿನ ತುಂಬುವ ಮೊದಲೇ ಹುಟ್ಟುವುದು ಸಾಮಾನ್ಯ. ನಾಲ್ಕು ವಾರ ಮುಂಚೆ ಬಂದಿದ್ದರೆ, ನಿದ್ದೆಯ ವಿಷಯದಲ್ಲಿ ಇವರಿಗಿನ್ನೂ ಮೂರೇ ವಾರ ಅಂದುಕೊಳ್ಳಿ. ರಾತ್ರಿ ಹೆಚ್ಚು ಹೊತ್ತು ಮಲಗಲು ಬಿಡಬಹುದಾ ಅಂತ ತೂಕ ನೋಡಿ ಡಾಕ್ಟರೇ ಹೇಳಲಿ.

ಬಜೆ, ಜಾಯಿಕಾಯಿ ಬೇಡ. ಎಷ್ಟು ತೇದಿರಿ, ಎಷ್ಟು ಹೊಟ್ಟೆಗೆ ಹೋಯಿತು ಅನ್ನುವ ಅಳತೆಯೇ ಇಲ್ಲ. ಜಾಯಿಕಾಯಿ ಹೆಚ್ಚಾದರೆ ಅದು ವಿಷವೇ. ಜೇನುತುಪ್ಪ ಒಂದು ವರ್ಷದವರೆಗೆ ಬೇಡ. ಎದೆಹಾಲು, ಡಾಕ್ಟರು ಬರೆದುಕೊಟ್ಟ ಹನಿ, ಅಷ್ಟೇ. ಮಲಗುವ ಕೋಣೆಯಲ್ಲಿ ಸಾಂಬ್ರಾಣಿ ಹೊಗೆಯೂ ಬೇಡ, ತಲೆ ಗುಂಡಗಾಗಲಿ ಅಂತ ಇಡುವ ರಾಗಿ ದಿಂಬೂ ಬೇಡ. ಜೋಲಿಯಲ್ಲಿ ತೂಗಿ ಸಮಾಧಾನ ಮಾಡಿ, ಆದರೆ ಕಣ್ಣು ಮುಚ್ಚಿದ ಮೇಲೆ ಸಮತಟ್ಟಾದ ಗಟ್ಟಿ ಹಾಸಿಗೆಗೆ ಅಂಗಾತ ಬದಲಿಸಿ. ಜೋಲಿಯಲ್ಲಿ ಗಲ್ಲ ಎದೆಗೆ ತಾಗಿದರೆ ಉಸಿರಾಟಕ್ಕೆ ಕಷ್ಟ.

ಇನ್ನು ನಿಮ್ಮ ನಿದ್ದೆ. ರಾತ್ರಿ ಎಂಟೂವರೆಗೆ ಇಬ್ಬರಿಗೂ ಕುಡಿಸಿ, ಬೇರೆ ಕೋಣೆಗೆ ಹೋಗಿ ನಡುರಾತ್ರಿ ಒಂದರವರೆಗೆ ಮಲಗಿಬಿಡಿ. ನಡುವಿನ ಒಂದು ಸರದಿ ಅಮ್ಮನದು, ಹಿಂಡಿ ಫ್ರಿಜ್ಜಿನಲ್ಲಿಟ್ಟ ಎದೆಹಾಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಚೆನ್ನಾಗಿ ಕುದಿಸಿ ತೊಳೆದ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಲಿ. ಒಂದರ ಮೇಲಿನದು ನೀವೇ ನೋಡಿಕೊಳ್ಳಿ, ಹಾಲು ಬರಿಸುವ ಹಾರ್ಮೋನು ರಾತ್ರಿ ಜಾಸ್ತಿ ಇರುತ್ತೆ, ಪೂರ್ತಿ ಬಿಟ್ಟರೆ ಹಾಲು ಕಡಿಮೆಯಾಗುತ್ತೆ. ಗಂಡನಿಗೆ 'ಕಷ್ಟ ಆಗ್ತಿದೆ' ಅಂದರೆ ಅರ್ಥ ಆಗುವುದಿಲ್ಲ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬನ್ನಿ, ಶನಿವಾರ ರಾತ್ರಿಯ ಆ ಸರದಿ ನಿಮ್ಮದು ಅಂತ ಹೇಳಿ. ಆ ದಿನ ಅಮ್ಮನೂ ಮಲಗಲಿ, ಅವರಿಗೂ ವಯಸ್ಸಾಗಿದೆ.

ಮಕ್ಕಳು ಮಲಗಿದಾಗಲೂ ನಿಮಗೆ ನಿದ್ದೆ ಬರದಿದ್ದರೆ, ದಿನವಿಡೀ ಅಳು ಬರುತ್ತಿದ್ದರೆ, ನಿಮಗೋ ಮಕ್ಕಳಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಅದು ಸುಮ್ನೆ ಆಯಾಸ ಅಲ್ಲ. ಆಗ ಒಬ್ಬರೇ ಇರಬೇಡಿ, ಅಮ್ಮನನ್ನು ಎಬ್ಬಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರಿಗೂ ಮುಚ್ಚಿಡದೆ ಹೇಳಿ. ಮಕ್ಕಳಿಗೆ 100.4 ಡಿಗ್ರಿ ಜ್ವರ ಬಂದರೆ, ಹಾಲು ಕುಡಿಯಲು ಏಳದೆ ಮಂಪರಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಅಮ್ಮನ ಹತ್ತಿರ ಇವತ್ತು ಸಂಜೆಯೇ ಮಾತಾಡಿ. ರಾತ್ರಿ ಮೂರಕ್ಕೆ ಬೇಡ, ಆಗ ಇಬ್ಬರಿಗೂ ತಾಳ್ಮೆ ಇರುವುದಿಲ್ಲ. 'ನೀನು ತಪ್ಪು' ಅನ್ನಬೇಡಿ. 'ಅಮ್ಮಾ, ಒಂದು ಮೂರು ರಾತ್ರಿ ಇಬ್ಬರನ್ನೂ ಒಟ್ಟಿಗೆ ಎಬ್ಬಿಸಿ ನೋಡೋಣ, ನೀನು ನನ್ನ ಜೊತೆ ಇರು' ಅನ್ನಿ. ನಾಲ್ಕನೇ ದಿನ ಹೇಗಾಯಿತು ಅಂತ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.