ಇಲಿಯ ಕಣ್ಣಿನಿಂದ ಮೆದುಳಿಗೆ ಹೋಗುವ ಆಪ್ಟಿಕ್ ನರ ಹಿಸುಕಿ 3 ದಿನವಾದರೂ, ಆ ನರಕ್ಕೆ ತಂತು ಕಳಿಸುವ ರೆಟಿನಾದ ಗ್ಯಾಂಗ್ಲಿಯನ್ ಕೋಶಗಳು ಬದುಕಿವೆ. ನನ್ನ ಔಷಧಿ ಕೆಲಸ ಮಾಡಿತು ಅಂತ ಬರೆದು, 'ದೃಷ್ಟಿ ಮರಳಿಸುವ ಔಷಧಿ' ಅಂತ ಶೀರ್ಷಿಕೆ ಇಡಬಹುದಾ?

ಬೇಡ. ಬರೀ ಸಲೈನ್ (ಉಪ್ಪುನೀರು) ಚುಚ್ಚಿದ್ದರೂ 3ನೇ ದಿನ ಅವುಗಳಲ್ಲಿ ಹೆಚ್ಚಿನವು ಬದುಕಿರುತ್ತಿದ್ದವು.

ಆಪ್ಟಿಕ್ ನರವನ್ನು ಚಿಮಟದಲ್ಲಿ ಹಿಸುಕಿದ ತಕ್ಷಣ ಇಲಿಯ ರೆಟಿನಾದಲ್ಲಿ ಯಾರೂ ಸಾಯುವುದಿಲ್ಲ. ಪೆಟ್ಟಿನ ಸುದ್ದಿ ಡಿಎಲ್‌ಕೆ ಅನ್ನುವ ಕಿಣ್ವದ ಮೂಲಕ ಕೋಶದ ನ್ಯೂಕ್ಲಿಯಸ್ಸಿಗೆ ಮುಟ್ಟಬೇಕು. ಅಲ್ಲಿ ಸಾವಿನ ಜೀನ್‌ಗಳು ಎದ್ದು ಕೂರಬೇಕು. ಆಮೇಲೆ ಬ್ಯಾಕ್ಸ್ ಪ್ರೋಟೀನು ಮೈಟೊಕಾಂಡ್ರಿಯಾಕ್ಕೆ ತೂತು ಕೊರೆಯಬೇಕು. ಇಷ್ಟೆಲ್ಲ ಆಗೋಕೆ ದಿನಗಳು ಹಿಡಿಯುತ್ತವೆ. 14ನೇ ದಿನಕ್ಕೆ ಸುಮಾರು 80% ಗ್ಯಾಂಗ್ಲಿಯನ್ ಕೋಶಗಳು ಹೋಗಿರುತ್ತವೆ.

ನಾನು 14ನೇ ದಿನದವರೆಗೂ ಕಾದಿದ್ದೆ. ಆದರೂ ಮುಗ್ಗರಿಸಿದೆ. ರೆಟಿನಾಕ್ಕೆ ನಾಲ್ಕು ಕಡೆ ಸೀಳು ಕೊಟ್ಟು, ಸ್ಲೈಡಿನ ಮೇಲೆ ನಾಲ್ಕೆಸಳಿನ ಹೂವಿನ ಹಾಗೆ ಹರಡಿದೆ. ನ್ಯೂಕ್ಲಿಯಸ್ಸಿಗೆ ನೀಲಿ ಬಳಿಯುವ ಡ್ಯಾಪಿ ಬಣ್ಣ ಹಾಕಿ ಗ್ಯಾಂಗ್ಲಿಯನ್ ಪದರದ ನೀಲಿ ಚುಕ್ಕೆಗಳನ್ನೆಲ್ಲ ಎಣಿಸಿದೆ. ಅರ್ಧಕ್ಕಿಂತ ಜಾಸ್ತಿ ಉಳಿದಿದ್ದವು! ಪೇಪರುಗಳಲ್ಲಿ 20% ಉಳಿಯುತ್ತವೆ ಅಂತಿದೆ, ನನ್ನಲ್ಲಿ ಇಷ್ಟೊಂದು ಅಂತ ಲ್ಯಾಬಿಗೆಲ್ಲ ಸಿಹಿ ಹಂಚಿದೆ. ಔಷಧಿ ಕೊಡದ ಇಲಿಗಳನ್ನು ಪಕ್ಕದಲ್ಲಿಟ್ಟು ಎಣಿಸಿರಲಿಲ್ಲ, ಪೇಪರಿನ ಲೆಕ್ಕ ಇದೆಯಲ್ಲ ಅಂತ.

ಎಡವಟ್ಟು ಎಲ್ಲಿ ಅಂದರೆ, ಇಲಿಯಲ್ಲಿ ಆ ಪದರದ ನರಕೋಶಗಳಲ್ಲಿ ಹೆಚ್ಚುಕಡಿಮೆ ಅರ್ಧ ಗ್ಯಾಂಗ್ಲಿಯನ್ ಅಲ್ಲವೇ ಅಲ್ಲ, ಅಮಾಕ್ರಿನ್ ಅನ್ನುವ ಬೇರೆ ಬಗೆ. ಅವುಗಳ ತಂತು ಆಪ್ಟಿಕ್ ನರದೊಳಗೆ ಹೋಗುವುದೇ ಇಲ್ಲ. ನರ ಹಿಸುಕಿದರೆ ಅವುಗಳಿಗೇನು? ಆರಾಮಾಗಿ ಕೂತಿರುತ್ತವೆ. ಡ್ಯಾಪಿಗೆ ಯಾವ ನ್ಯೂಕ್ಲಿಯಸ್ಸಾದರೂ ಒಂದೇ, ರಕ್ತನಾಳದ ಕೋಶಕ್ಕೂ ನೀಲಿ ಬಳಿಯುತ್ತದೆ. ಸಾಯಬೇಕಿಲ್ಲದವರನ್ನು ಎಣಿಸಿ, ನಾನೇ ಉಳಿಸಿದೆ ಅಂದುಕೊಂಡಿದ್ದೆ. ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ಕಸದ ಬುಟ್ಟಿಗೆ ಹೋಯಿತು.

ಗ್ಯಾಂಗ್ಲಿಯನ್ ಕೋಶಗಳನ್ನಷ್ಟೇ ಗುರುತಿಸುವ ಆರ್‌ಬಿಪಿಎಂಎಸ್ ಆಂಟಿಬಾಡಿ ಬಳಸಿ. ಇದೇ ಕೆಲಸಕ್ಕೆ ಬಳಸುವ ಇನ್ನೊಂದು ಗುರುತಿನ ಪ್ರೋಟೀನು ಬ್ರನ್3ಎ ಒಂದನ್ನೇ ನಂಬಬೇಡಿ. ಪೆಟ್ಟು ತಿಂದ ಕೋಶ ಸಾಯುವ ಮೊದಲೇ ಅದನ್ನು ತಯಾರಿಸುವುದು ಕಡಿಮೆ ಮಾಡುತ್ತದೆ, ಬದುಕಿದ್ದವೂ ಸತ್ತವರ ಲೆಕ್ಕಕ್ಕೆ ಸೇರುತ್ತವೆ. ಯಾವ ಸ್ಲೈಡು ಯಾವ ಇಲಿಯದು ಅಂತ ಗೊತ್ತಿಲ್ಲದವರ ಹತ್ತಿರ ಎಣಿಸಿಸಿ. ಎಲ್ಲ ಗ್ಯಾಂಗ್ಲಿಯನ್ ಕೋಶಗಳೂ ಒಂದೇ ಥರ ಸಾಯುವುದಿಲ್ಲ ಅನ್ನೋದೂ ತಲೆಯಲ್ಲಿರಲಿ. 2019ರಲ್ಲಿ ಹಾರ್ವರ್ಡ್‌ನ ಜೋಶುವಾ ಸೇನ್ಸ್ ಮತ್ತವರ ಜೊತೆಗಾರರು ಗ್ಯಾಂಗ್ಲಿಯನ್ ಕೋಶಗಳ 46 ಬಗೆಗಳನ್ನು ವಿಂಗಡಿಸಿ ನೋಡಿದಾಗ, ಆಲ್ಫಾ ಅನ್ನುವ ಬಗೆಯಂಥ ಕೆಲವು ಗಟ್ಟಿ ಪಿಂಡಗಳು ಉಳಿದಿದ್ದವು.

ಇನ್ನು, 'ದೃಷ್ಟಿ ಮರಳಿಸುವ ಔಷಧಿ' ಅಂತ ಶೀರ್ಷಿಕೆ ಇಡ್ತೀನಿ ಅಂದಿದ್ದೀರಿ. ಬ್ಯಾಕ್ಸ್ ಜೀನ್ ತೆಗೆದ ಇಲಿಗಳಲ್ಲಿ ನರ ಹಿಸುಕಿದರೂ ಕೋಶಗಳು ಸಾಯುವುದಿಲ್ಲ, ಆದರೆ ತುಂಡಾದ ತಂತು ಮೆದುಳಿನವರೆಗೆ ತಾನಾಗಿ ಬೆಳೆಯುವುದಿಲ್ಲ. ಕೋಶ ಉಳಿದ ಮಾತ್ರಕ್ಕೆ ಕಣ್ಣು ಕಾಣುವುದಿಲ್ಲ, ಅಲ್ವಾ? ಶೀರ್ಷಿಕೆ ಬದಲಾಯಿಸಿ. ಗೈಡಿಗೆ ಆಗಲೇ ಮೇಲ್ ಹಾಕಿದ್ದರೆ, 14ನೇ ದಿನದ ಲೆಕ್ಕ ಬರುವವರೆಗೆ ಕಾಯಿರಿ ಅಂತ ಇವತ್ತೇ ತಿಳಿಸಿಬಿಡಿ.