ಐಸೊಮೆಟ್ರಿಕ್ ಟರ್ನ್-ಬೇಸ್ಡ್ ಆಟ ಮಾಡೋಕೆ ಎಲ್ಲಿಂದ ಶುರು ಮಾಡಬೇಕು?

ಪೈಥಾನ್ ಸ್ವಲ್ಪ ಬರುತ್ತೆ, ಓರೆಯಾಗಿ ಕಾಣುವ ನಕ್ಷೆಯ ಮೇಲೆ ಸರದಿ ಪ್ರಕಾರ ಆಡುವ ಯುದ್ಧದ ಆಟ ಮಾಡಬೇಕು, ಮೊದಲು ಏನು ಕಲಿಯಲಿ ಅಂತ ಕೇಳಿದ್ದೀರಿ. ಐಸೊಮೆಟ್ರಿಕ್ ಭಾಗವನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನೋದು ನನ್ನ ಖಚಿತ ಸಲಹೆ. ಓರೆ ನೋಟ ತೆರೆಯ ಮೇಲಿನ ಚಿತ್ರಕ್ಕೆ ಸಂಬಂಧಪಟ್ಟದ್ದು. ಲೆಕ್ಕವೆಲ್ಲ ನಡೆಯುವುದು ಸಪಾಟಾದ ಚೌಕಮನೆಗಳ ಮೇಲೆ.

ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಗೊಡೋ 4.3 ಅಥವಾ ಅದಕ್ಕಿಂತ ಹೊಸದು ಸಾಕು. ಉಚಿತ, ಮತ್ತು ಅದರ ಕೋಡ್ ಭಾಷೆ ಜಿಡಿಸ್ಕ್ರಿಪ್ಟ್ ಪೈಥಾನ್ ಬಲ್ಲವರಿಗೆ ಬೇಗ ಹತ್ತುತ್ತದೆ. ನಕ್ಷೆ 8×8 ಮನೆ ಮೀರದಿರಲಿ. 2018ರಲ್ಲಿ ಬಂದ ಇನ್‌ಟು ದಿ ಬ್ರೀಚ್ ಎಂಬ ಆಟ ಪ್ರತಿ ಯುದ್ಧವನ್ನೂ ಅಷ್ಟೇ ಜಾಗದಲ್ಲಿ, ಆಟಗಾರನ ಕೈಗೆ ಮೂರೇ ಯಂತ್ರ ಕೊಟ್ಟು ನಡೆಸುತ್ತದೆ. ಕೋಡ್ ಬರೆಯುವ ಮೊದಲು ಹಾಳೆಯ ಮೇಲೆ ಮನೆಗಳನ್ನು ಗೀಚಿ, ಚೌಕಾಬಾರದ ಕಾಯಿ ಇಟ್ಟು ನಿಮ್ಮ ನಿಯಮಗಳನ್ನು ಆಡಿ ನೋಡಿ. ಅಲ್ಲಿ ಬೇಜಾರು ತರಿಸುವ ನಿಯಮ ಕಂಪ್ಯೂಟರಿನಲ್ಲೂ ಬೇಜಾರೇ.

ಆಮೇಲೆ ಬಣ್ಣದ ಚೌಕಗಳಲ್ಲೇ ಚಲನೆ ಮಾಡಿ. ಹುಲ್ಲಿಗೆ 1, ಕಾಡಿಗೆ 2 ಅಂಕ ಖರ್ಚು, ನೀರಿಗೆ ಪ್ರವೇಶವಿಲ್ಲ, ಸೈನಿಕನಿಗೆ ಒಂದು ಸರದಿಗೆ 4 ಅಂಕ ಅಂತಿಟ್ಟುಕೊಳ್ಳಿ. ಮುಟ್ಟಬಹುದಾದ ಮನೆಗಳನ್ನು ಹುಡುಕಲು ಹೊಸಬರು ಇಲ್ಲಿ ಬಿಎಫ್ಎಸ್ (ಹೆಜ್ಜೆ ಹೆಜ್ಜೆಯಾಗಿ ಸುತ್ತ ಹರಡುವ ಹುಡುಕಾಟ) ಬಳಸುತ್ತಾರೆ. ಅದು ಹೆಜ್ಜೆ ಎಣಿಸುತ್ತದೆ, ಖರ್ಚು ಎಣಿಸುವುದಿಲ್ಲ. ಕಾಡಿನ ಅಡ್ಡದಾರಿಯಿಂದ ಮೊದಲು ಮುಟ್ಟಿದ ಮನೆಗೆ ಜಾಸ್ತಿ ಖರ್ಚು ಬರೆದಿಟ್ಟು, ಸುತ್ತುಬಳಸಿನ ಅಗ್ಗದ ದಾರಿಯನ್ನು ನೋಡದೇ ಬಿಡುತ್ತದೆ. ಡೈಕ್‌ಸ್ಟ್ರಾ (ಕಡಿಮೆ ಖರ್ಚಿನ ದಾರಿ ಹುಡುಕುವ ವಿಧಾನ) ಬರೆಯಿರಿ, 64 ಮನೆಗೆ ವೇಗದ ಚಿಂತೆಯೇ ಇಲ್ಲ. ಪ್ರತಿ ಮನೆಗೂ ಯಾವ ಮನೆಯಿಂದ ಬಂದೆವು ಅಂತ ಗುರುತಿಟ್ಟರೆ ದಾರಿಯೂ ಅದರಲ್ಲೇ ಸಿಗುತ್ತದೆ. ‘ದಾಟಬಹುದೇ’ ಮತ್ತು ‘ನಿಲ್ಲಬಹುದೇ’ ಎರಡನ್ನೂ ಬೇರೆ ಬೇರೆ ಪರೀಕ್ಷಿಸಿ. ಇಲ್ಲದಿದ್ದರೆ ಇಬ್ಬರು ಸೈನಿಕರು ಒಂದೇ ಮನೆಯಲ್ಲಿ ನಿಂತುಬಿಡುತ್ತಾರೆ.

ಸರದಿಗೆ ಒಂದು ಸ್ಥಿತಿ ವೇರಿಯಬಲ್ ಬೇಕು: ಆಯ್ಕೆ, ಚಲನೆ, ದಾಳಿ, ಶತ್ರುವಿನ ಸರದಿ. ಸೈನಿಕ ನಡೆಯುತ್ತಿರುವಾಗ ಬಂದ ಕ್ಲಿಕ್ಕನ್ನು ತೆಗೆದುಕೊಳ್ಳಲೇಬೇಡಿ, ಒಬ್ಬನೇ ಎರಡು ಸಲ ನಡೆದುಬಿಡುತ್ತಾನೆ. ಯಾರು ಎಲ್ಲಿದ್ದಾರೆ, ಎಷ್ಟು ಜೀವ ಉಳಿದಿದೆ ಅನ್ನುವುದೆಲ್ಲ ಡಿಕ್ಷನರಿಯಲ್ಲಿರಲಿ. ಚಿತ್ರ ಅದನ್ನು ನೋಡಿ ಬದಲಾಗಲಿ. ಶತ್ರುವಿಗೆ ದೊಡ್ಡ ಬುದ್ಧಿ ಬೇಡ: ಅವನು ಮುಟ್ಟಬಲ್ಲ ಪ್ರತಿ ಮನೆಗೂ ಅಂಕ ಕೊಡಿ, ಮಾಡಬಹುದಾದ ಹಾನಿಗೆ ಕೂಡಿಸಿ, ಗುರಿಯಿಂದ ದೂರವಿದ್ದರೆ ಕಳೆಯಿರಿ, ಹೆಚ್ಚು ಅಂಕದ್ದನ್ನು ಆರಿಸಿ.

ಇಷ್ಟು ಸರಿಯಾಗಿ ಆಡಲು ಬಂದಮೇಲೆ ನಕ್ಷೆಯನ್ನು ಓರೆ ಮಾಡಿ. ಟೈಲ್ (ಒಂದು ಮನೆಯ ಚಿತ್ರ) 64×32 ಪಿಕ್ಸೆಲ್ ಇದ್ದರೆ (x, y) ಮನೆಯ ಮೇಲ್ತುದಿ ತೆರೆಯಲ್ಲಿ ಅಡ್ಡಕ್ಕೆ (x − y) × 32, ಕೆಳಕ್ಕೆ (x + y) × 16. ಅಂದರೆ (3, 1) ಮನೆ (64, 64)ರಲ್ಲಿ ಬರುತ್ತದೆ. ಕ್ಲಿಕ್ಕಿನಿಂದ ಮನೆ ಹುಡುಕಲು ಇದನ್ನೇ ತಿರುಗಿಸಿ: 64/32 = 2, 64/16 = 4; ಕೂಡಿಸಿ ಅರ್ಧ ಮಾಡಿದರೆ 3, ನಾಲ್ಕರಲ್ಲಿ ಎರಡು ಕಳೆದು ಅರ್ಧ ಮಾಡಿದರೆ 1. ಉತ್ತರವನ್ನು ಇಂಟ್‌ನಿಂದ ಕತ್ತರಿಸಬೇಡಿ, ಫ್ಲೋರ್ (ಕೆಳಗಿನ ಪೂರ್ಣಾಂಕಕ್ಕೆ ಇಳಿಸುವ ಫಂಕ್ಷನ್) ಬಳಸಿ. ಇಂಟ್ −0.4 ಅನ್ನು 0 ಮಾಡುತ್ತದೆ, ನಕ್ಷೆಯ ಆಚೆ ಒತ್ತಿದರೂ ಅಂಚಿನ ಮನೆ ಆಯ್ಕೆಯಾಗುತ್ತದೆ.

ಗೊಡೋದ ಟೈಲ್‌ಮ್ಯಾಪ್‌ಲೇಯರ್ (ಟೈಲ್ ಹರಡಿ ನಕ್ಷೆ ಕಟ್ಟುವ ಪದರ) ಈ ಲೆಕ್ಕವನ್ನು ತಾನೇ ಮಾಡುತ್ತದೆ. ಆದರೆ ಟೈಲ್‌ಸೆಟ್‌ನಲ್ಲಿ ಆಕಾರವನ್ನು ಐಸೊಮೆಟ್ರಿಕ್ ಮಾಡಿದ ಮೇಲೂ ಟೈಲ್ ಲೇಔಟ್ ‘ಸ್ಟ್ಯಾಕ್ಡ್’ ಆಗಿಯೇ ಉಳಿದಿರುತ್ತದೆ. ಅದರಲ್ಲಿ ಸಮ ಸಾಲು, ಬೆಸ ಸಾಲುಗಳ ನೆರೆಮನೆಗಳು ಬೇರೆ ಬೇರೆ. ನಿಮ್ಮ ಡೈಕ್‌ಸ್ಟ್ರಾ ಎಲ್ಲೆಲ್ಲಿಗೋ ದಾರಿ ತೋರಿಸುತ್ತದೆ. ಒಂದೂ ಟೈಲ್ ಇಡುವ ಮೊದಲೇ ‘ಡೈಮಂಡ್ ಡೌನ್’ ಮಾಡಿಕೊಳ್ಳಿ.

ಕೊನೆಯ ತಲೆನೋವು, ಯಾರ ಹಿಂದೆ ಯಾರು ಅನ್ನೋದು. ಸೈನಿಕರೂ ಗೋಡೆ, ಮರಗಳೂ ಒಂದೇ ಪೋಷಕ ನೋಡ್‌ನ (ಗೊಡೋದಲ್ಲಿ ದೃಶ್ಯದ ಒಂದೊಂದು ಘಟಕ) ಕೆಳಗಿರಲಿ, ಪೋಷಕಕ್ಕೂ ಗೋಡೆ, ಮರಗಳ ಟೈಲ್ ಪದರಕ್ಕೂ ವೈ-ಸಾರ್ಟ್ (ತೆರೆಯಲ್ಲಿ ಕೆಳಗಿರುವುದನ್ನು ಮುಂದೆ ತೋರಿಸುವ ಆಯ್ಕೆ) ಆನ್ ಮಾಡಿ. ನೆಲದ ಪದರ ಬೇರೆಯಾಗಿ, ಎಲ್ಲಕ್ಕಿಂತ ಕೆಳಗಿರಲಿ. ಸೈನಿಕನ ಮೂಲಬಿಂದು ಅವನ ಪಾದದಲ್ಲಿರಬೇಕು. ಚಿತ್ರದ ನಡುವಿನಲ್ಲಿ ಬಿಟ್ಟರೆ ಮುಂದೆ ನಿಂತವನು ಗೋಡೆಯ ಹಿಂದೆ ಮರೆಯಾಗುತ್ತಾನೆ. ಮೂರು ಮನೆ ಉದ್ದದ ಗೋಡೆಯನ್ನು ಒಂದೇ ಚಿತ್ರವಾಗಿ ಇಟ್ಟರೆ ವೈ-ಸಾರ್ಟ್ ಕೈಕೊಡುತ್ತದೆ, ಏಕೆಂದರೆ ಅಷ್ಟುದ್ದಕ್ಕೂ ಒಂದೇ ಬಿಂದುವನ್ನು ಅದು ಹೋಲಿಸುತ್ತದೆ. ಅಂಥ ಚಿತ್ರವನ್ನು ಮನೆಗೊಂದರಂತೆ ಕತ್ತರಿಸಿ ಇಡಿ.